ಸುಸ್ಥಿತಿಯಲ್ಲಿರುವ ಕೋವಿ

ಗೋಣಿಯಲ್ಲಿ ಸುತ್ತಿದ ಉದ್ದನೆಯ ಕಟ್ಟು ಹಿಡಿದು ನಾನು ಕನ್ಯಾನದಲ್ಲಿ ಬಸ್ಸು ಹತ್ತಿದರೆ ಕಂಡಕ್ಟರ್ ಧನರಾಜ್ ಟಿಕೆಟು ಹರಿಯುವ ಮೊದಲೇ ಕೇಳುತ್ತಾನೆ, "ಎಂತ ಸರ್, ಪುನಃ ಓಟಾ?"

ಅವನ ತಪ್ಪಲ್ಲ. ಪಂಚಾಯತು, ವಿಧಾನಸಭೆ, ಲೋಕಸಭೆ, ಯಾವ ಚುನಾವಣೆ ಬಂದರೂ ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಎಣಿಕೆ ಮುಗಿದ ಮೇಲೆ ಹೋಗಿ ಬಿಡಿಸಿಕೊಂಡು ಬರಬೇಕು. ಊರಿನವರ ಹತ್ತಿರ ಹಂದಿ ಓಡಿಸಲು ಒಂದೊಂದು ಕೋವಿ. ನನ್ನ ಹತ್ತಿರ ಮೂರು, ಮೂರೂ ಹಂದಿ ಓಡಿಸಲು ಬಾರದವು. ಮೂವತ್ತೈದು ವರ್ಷ ಈ ಮೂರನ್ನು ಹೊತ್ತು ಠಾಣೆಗೂ ಮನೆಗೂ ಅಲೆದಿದ್ದೇನೆ. ನನ್ನ ಎಡಭುಜ ಬಲಭುಜಕ್ಕಿಂತ ಕೆಳಗಿದೆ ಎಂದು ಹೆಂಡತಿ ತ್ರಿಪುರಸುಂದರಿ ಹೇಳುತ್ತಾಳೆ. ಇದ್ದರೂ ಇರಬಹುದು, ನಾನು ಅಳೆದು ನೋಡಿಲ್ಲ.

ಆದರೆ ಆ ಮಂಗಳವಾರ ಯಾವ ಓಟೂ ಇರಲಿಲ್ಲ, ಕಟ್ಟಿನಲ್ಲಿ ಒಂದೇ ಕೋವಿ ಇತ್ತು.

"ಇಲ್ಲ ಮಾರಾಯ. ಇವತ್ತು ಇದರ ಬಾಯಿಗೆ ವೆಲ್ಡಿಂಗ್" ಎಂದೆ.

ಧನರಾಜ್ ತಮಾಷೆ ಎಂದುಕೊಂಡು ನಕ್ಕು ಮುಂದೆ ಹೋದ. ನಾನು ಕಟ್ಟನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಕುಳಿತೆ. ಬಿ.ಸಿ.ರೋಡಿನವರೆಗೂ ನನಗೆ ಯಾರ ಮುಖ ನೋಡುವುದೂ ಬೇಡವಾಗಿತ್ತು.

ನಾನು ಮೂಡುಬಿದಿರೆಯ ಒಂದು ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವನು. ಹೆಸರು ಕೃಷ್ಣಪ್ರಸಾದ್ ಭಟ್. ಉಳಿದ ಮೇಷ್ಟ್ರುಗಳು ಅಂಚೆಚೀಟಿಯನ್ನೋ ಹಳೆಯ ನಾಣ್ಯವನ್ನೋ ಕೂಡಿಹಾಕಿದರು. ನನಗೆ ಹಿಡಿದ ಹುಚ್ಚು ಬೇರೆ. ಹತ್ತೊಂಬತ್ತನೆಯ ಶತಮಾನದ ಕುದುರೆ ಪಡೆಗಳ ಕಾರ್ಬೈನುಗಳು, ಅದರಲ್ಲೂ ಒಮ್ಮೆ ತುಂಬಿಸಿದರೆ ಮತ್ತೆ ಮತ್ತೆ ಹೊಡೆಯಬಲ್ಲ ಮೊದಮೊದಲ ಗಿಡ್ಡ ಕೋವಿಗಳು. ಸವಾರನೊಬ್ಬ ಓಡುವ ಕುದುರೆಯ ಮೇಲೆ ಕುಳಿತು ತೋಟೆ ಹುಡುಕುತ್ತಾ ಕೂರಬೇಕಾಗಿಲ್ಲ ಎಂದು ಯಾರೋ ತಲೆ ಓಡಿಸಿದ ಕಾಲ ಅದು. ಕೊಲ್ಲುವ ವಿದ್ಯೆಯೇ ಹೌದು, ಅಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಆ ಕಬ್ಬಿಣದ ಒಳಗಿನ ಬುದ್ಧಿ ನೋಡಿದರೆ ನನಗೆ ಈಗಲೂ ಹೊಟ್ಟೆ ತುಂಬಿದಂತಾಗುತ್ತದೆ.

ಮೇಷ್ಟ್ರ ಸಂಬಳದಲ್ಲಿ ಸಿಕ್ಕಿದ್ದು ಮೂರೇ ಮೂರು. ಬ್ರಿಟಿಷರ ಲೀ-ಎನ್‌ಫೀಲ್ಡ್ ಒಂದು, ಅದರ ನಳಿಗೆಯೊಳಗೆ ಯಾರೋ ಸೀಸ ಕಾಸಿ ಹೊಯ್ದಿದ್ದರು. ವಿಂಚೆಸ್ಟರ್ ಒಂದು, ಅದರ ಹೊಟ್ಟೆಯೊಳಗಿನ ಅರ್ಧ ಸಾಮಾನು ನನಗಿಂತ ಮೊದಲೇ ಎಲ್ಲೋ ಹೋಗಿತ್ತು. ಮೂರನೆಯದು ಕ್ರೋಪಾಟ್ಷೆಕ್. ಆಸ್ಟ್ರಿಯಾದಲ್ಲಿ ಪೋರ್ಚುಗೀಸರ ಸೈನ್ಯಕ್ಕಾಗಿ ಮಾಡಿದ್ದು, ಮೈಮೇಲೆ ೧೮೮೬ ಎಂಬ ಇಸವಿ, ಅದರ ಹತ್ತಿರ ಕಿರೀಟದ ಮುದ್ರೆ. ಗೋವಾದಿಂದ ಹೇಗೆ ಹೇಗೋ ಇಳಿದು ನಾರಾವಿಯ ಒಂದು ಮನೆಯ ಅಟ್ಟ ಸೇರಿತ್ತಂತೆ. ನಳಿಗೆಯ ಅಡಿಯಲ್ಲಿ ಇನ್ನೊಂದು ಕೊಳವೆ, ತೋಟೆಗಳು ಅದರೊಳಗೆ ಒಂದರ ಹಿಂದೆ ಒಂದು ಮಲಗುತ್ತವೆ. ಹಿಂಬದಿಯಲ್ಲಿ ಹಿಡಿಯಿರುವ ಬೋಲ್ಟನ್ನು ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಿದರೆ ಒಂದು ಎದ್ದು ಬಂದು ಜಾಗದಲ್ಲಿ ಕೂರುತ್ತದೆ. ಮೂರರಲ್ಲಿ ಇದೊಂದೇ ಪೂರ್ತಿ ಇದ್ದದ್ದು. ನನ್ನ ಜೀವಮಾನದ ಸಂಪಾದನೆ ಯಾವುದೆಂದು ಕೇಳಿದರೆ ಮನೆ ತೋಟ ಬಿಟ್ಟು ಇದನ್ನೇ ತೋರಿಸುತ್ತಿದ್ದೆ.

ಇದನ್ನು ನನಗೆ ಕೊಟ್ಟವರು ಜತ್ತಪ್ಪ ಆಚಾರ್ಯರು. ಬಿ.ಸಿ.ರೋಡಿನ ಹಳೆಯ ಓಣಿಯಲ್ಲಿ ಅವರ ಕೋವಿ ರಿಪೇರಿಯ ಅಂಗಡಿ. ಬಂಟ್ವಾಳ, ಬೆಳ್ತಂಗಡಿ ಎರಡೂ ತಾಲೂಕಿನ ಕೋವಿಗಳು ಅವರ ಕೈಯಲ್ಲಿ ಹಾದು ಹೋಗಿವೆ. ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ ಅವರು ನಾರಾವಿಯಿಂದ ಇದನ್ನು ತಂದ ಮರುದಿನವೇ ನಾನು ಹೋಗಿ ಅಂಗಡಿಯ ಮುಂದೆ ನಿಂತಿದ್ದೆ. "ಪೂರ್ತಿ ಉಂಟಾ ಆಚಾರ್ರೇ?" ಎಂದು ಕೇಳಿದ್ದೆ. "ಉಂಟು" ಎಂದಿದ್ದರು. ಆ ಜಾತಿಯ ತೋಟೆ ಈ ದೇಶದಲ್ಲಿ ಎಲ್ಲಿಯೂ ಇಲ್ಲದ್ದರಿಂದ ಹಲಸಿನ ಮರದಲ್ಲಿ ಐದು ತೋಟೆ ಕಡೆದು ಕೊಟ್ಟಿದ್ದರು. ನಾನು ಅವನ್ನು ಕೊಳವೆಗೆ ತುಂಬಿಸಿ ಬೋಲ್ಟು ಎಳೆದು ತಳ್ಳುತ್ತಾ ಎಷ್ಟೋ ಭಾನುವಾರ ಕಳೆದಿದ್ದೇನೆ. ವರ್ಷಕ್ಕೊಮ್ಮೆ ಎಣ್ಣೆ ಹಾಕಿಸಲು ಅವರ ಹತ್ತಿರ ಒಯ್ಯುತ್ತಿದ್ದೆ. "ಬೋಲ್ಟು ಮಾತ್ರ ನೀವು ಬಿಚ್ಚಬೇಡಿ, ಸ್ಪ್ರಿಂಗು ಹಾರಿದ್ರೆ ಇನ್ನೊಂದು ಸಿಗ್ಲಿಕ್ಕಿಲ್ಲ" ಎಂದು ಮೊದಲ ದಿನವೇ ಹೇಳಿದ್ದರು. ನಾನು ಬಿಚ್ಚಲಿಲ್ಲ. ಅವರೇ ಒಳಕೋಣೆಗೆ ಒಯ್ದು ಬಿಚ್ಚಿ, ಒರೆಸಿ, ಮುಚ್ಚಿ ತರುತ್ತಿದ್ದರು.

ಈಗ ಈ ವೆಲ್ಡಿಂಗ್ ಎಲ್ಲಿಂದ ಬಂತು ಎಂದರೆ, ನನ್ನ ಬಾಯಿಯಿಂದಲೇ ಬಂತು.

ಹಳೆಯ ಲೈಸೆನ್ಸ್ ಪುಸ್ತಕದಲ್ಲಿ ಯಾವ ಕಾಲದ ಗುಮಾಸ್ತನೋ "ಹಳೆ ಕೋವಿ ಮೂರು" ಎಂದಷ್ಟೇ ಬರೆದು ಕೈತೊಳೆದುಕೊಂಡಿದ್ದ. ಈ ವರ್ಷ ಎಲ್ಲವೂ ಕಂಪ್ಯೂಟರಿಗೆ ಹೋಗಬೇಕು, ಒಂದೊಂದು ಕೋವಿಗೂ ಒಂದೊಂದು ಅರ್ಜಿ ಎಂದರು. ವಿಟ್ಲದ ಸೈಬರ್ ಸೆಂಟರಿಗೆ ಹೋದೆ. ಅದನ್ನು ನಡೆಸುವ ನವ್ಯಶ್ರೀ ನನ್ನ ಹಳೆಯ ವಿದ್ಯಾರ್ಥಿನಿ, ಈಗ ಎರಡು ಮಕ್ಕಳ ತಾಯಿ. ಮೊದಲಿನ ಎರಡು ಕೋವಿಗೆ 'ಸ್ಥಿತಿ' ಎಂಬಲ್ಲಿ "ಕೆಟ್ಟಿದೆ" ಎಂದು ಹೇಳಿದೆ, ಅವಳು ಒತ್ತಿದಳು. ಮೂರನೆಯದಕ್ಕೆ ಬರುವಾಗ ಅವಳು ನನ್ನನ್ನು ಕೇಳದೆ ಅದನ್ನೇ ಒತ್ತಲು ಹೊರಟಳು.

"ನಿಲ್ಲು. ಅದು ಕೆಟ್ಟಿಲ್ಲ. ಸುಸ್ಥಿತಿಯಲ್ಲಿದೆ ಅಂತ ಹಾಕು."

"ಸರ್, ಕೆಟ್ಟಿದೆ ಅಂತ ಹಾಕಿದ್ರೆ ಹಳೆ ಸಾಮಾನು ಅಂತ ಸುಲಭದಲ್ಲಿ ಆಗ್ತದೆ. ಎಲ್ರೂ ಹಾಗೇ ಹಾಕಿದ್ದು."

"ಎಲ್ಲರದ್ದು ಕೆಟ್ಟಿರಬಹುದು. ನನ್ನದು ಕೆಟ್ಟಿಲ್ಲ" ಎಂದೆ. ಅಷ್ಟಕ್ಕೇ ಬಿಡದೆ, ಕೊಳವೆಯಿಂದ ಐದಕ್ಕೆ ಐದು ತೋಟೆಯೂ ತಡೆಯಿಲ್ಲದೆ ಬರುತ್ತದೆ ಎಂದು ಷರಾದಲ್ಲಿ ಬರೆಸಿದೆ. ಅವಳು ನನ್ನ ಮುಖ ನೋಡಿದಳು. ಮೇಷ್ಟ್ರು ಹೇಳಿದ್ದನ್ನು ಬರೆದು ಅಭ್ಯಾಸವಾದ ಕೈ, ಬರೆಯಿತು. ವಾಪಸು ಬರುವಾಗ ನಾನು ಸಂತೋಷದಲ್ಲಿದ್ದೆ. ಮಂಕುದಿಣ್ಣೆ ಎಂದರೆ ನಾನೇ.

ತಿಂಗಳೊಳಗೆ ನೋಟೀಸು ಬಂತು. ಬಿ.ಸಿ.ರೋಡಿನ ಕಚೇರಿಯಲ್ಲಿ ಕೋವಿ ಲೈಸೆನ್ಸಿನ ಶಾಖೆ ನೋಡುವ ಅಧಿಕಾರಿ ಚಿತ್ರಾ ಎಂಬವರು. ಒಳ್ಳೆಯ ಹೆಂಗಸು, ಕೂರಿಸಿ ಮಾತಾಡಿದರು.

"ಸರ್, ಉಪಯೋಗಕ್ಕೆ ಬಾರದ ಹಳೆ ಕೋವಿಯನ್ನು ನೀವು ಮನೆಯಲ್ಲಿ ಇಟ್ಕೊಳ್ಬಹುದು. ನೀವು ಬರೆದದ್ದು ನೋಡಿದ್ರೆ ಇದು ಸೈನ್ಯದ ಆಯುಧ, ಐದು ತೋಟೆ ಹಿಡಿಯುತ್ತದೆ, ಸುಸ್ಥಿತಿಯಲ್ಲೂ ಉಂಟು. ಓದಿದ ಮೇಲೆ ನಾನು ಹೇಗೆ ಸುಮ್ಮನೆ ಕೂರುವುದು?"

ದಾರಿ ಎರಡೇ ಎಂದರು. ಲೈಸೆನ್ಸ್ ಇರುವ ರಿಪೇರಿಯವರಿಂದ ನಳಿಗೆಗೆ ತೂತು ಕೊರೆಸಿ, ಬಾಯಿಗೆ ವೆಲ್ಡಿಂಗ್ ಮಾಡಿಸಿ, ಇನ್ನು ಗುಂಡು ಹಾರದು ಎಂದು ಬರೆಸಿ ತರುವುದು. ಇಲ್ಲವೆಂದರೆ ಸರಕಾರಕ್ಕೆ ಒಪ್ಪಿಸುವುದು, ಅವರು ಕೊನೆಗೆ ಕರಗಿಸುತ್ತಾರೆ. ಯಾವುದಕ್ಕೂ ಮೊದಲು ರಿಪೇರಿಯವರನ್ನು ಕರೆದುಕೊಂಡು ಬಂದು ತೋರಿಸಿ ಎಂದು ಎರಡು ವಾರದ ಗಡುವು ಕೊಟ್ಟರು.

"ಆ ಒಂದು ಶಬ್ದ ಬರೆದಿದ್ರೆ ನಿಮ್ಮ ಕೈ ಸವೆದು ಹೋಗ್ತಿತ್ತಾ?" ಎಂದು ತ್ರಿಪುರಸುಂದರಿ ಕೇಳಿದಳು.

"ಸುಳ್ಳು ಬರೆಯಬೇಕಿತ್ತಾ ನಾನು?"

"ನಿಮ್ಮದು ಸತ್ಯ ಅಲ್ಲ, ಜಂಬ" ಎಂದಳು. ನಲವತ್ತು ವರ್ಷ ಜೊತೆಗಿದ್ದವಳಿಗೆ ಎಲ್ಲಿ ಒತ್ತಿದರೆ ನೋಯುತ್ತದೆ ಎಂದು ಗೊತ್ತು. ನಾನು ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಅವಳು ಹೇಳಿದ್ದೇ ಸರಿ ಎಂದು ಅನಿಸಿತು, ಆದರೆ ಬಾಯಿ ಬಿಟ್ಟು ಹೇಳಲಿಲ್ಲ.

ಆ ಎರಡು ವಾರ ನಾನು ಎದ್ದೆ, ಉಂಡೆ, ಮಲಗಿದೆ. ಕಾರ್ಬೈನನ್ನು ತೆಗೆದು ನೋಡಲೂ ಇಲ್ಲ. ಕರಗಿಸುವುದೆಂದರೆ ಸಾವು, ತೂತು ಕೊರೆಯುವುದೆಂದರೆ ಅಂಗಹೀನ ಮಾಡಿ ಮನೆಯಲ್ಲಿ ಕೂರಿಸುವುದು. ನೂರ ಮೂವತ್ತೆಂಟು ವರ್ಷ ಯಾರ ಯಾರ ಕೈ ದಾಟಿ ಪೂರ್ತಿಯಾಗಿ ಉಳಿದು ಬಂದ ವಸ್ತು, ನನ್ನ ಕೈಯಲ್ಲಿ, ನನ್ನ ಬಾಯಿಚಪಲದಿಂದ ಹಾಳಾಗುತ್ತದಲ್ಲ ಎಂಬುದು ನನ್ನನ್ನು ತಿಂದು ಹಾಕಿತು. ಕೊನೆಗೆ ಮನೆಯಲ್ಲಾದರೂ ಇರಲಿ ಎಂದು ಜತ್ತಪ್ಪ ಆಚಾರ್ಯರಿಗೆ ಫೋನು ಮಾಡಿ ವಿಷಯ ಹೇಳಿದೆ.

"ಕೋವಿ ತನ್ನಿ ಭಟ್ರೇ. ಅಲ್ಲಿ ಮಾತು ನಾನು ಆಡ್ತೇನೆ. ನೀವು ಬಾಯಿ ಹಾಕ್ಲಿಕ್ಕಿಲ್ಲ" ಎಂದರು.

ಆ ಮಂಗಳವಾರ ಬಿ.ಸಿ.ರೋಡಿನಲ್ಲಿ ಇಳಿದಾಗ ಆಚಾರ್ಯರು ಬಸ್‌ಸ್ಟ್ಯಾಂಡಿನ ಕಂಬಕ್ಕೆ ಒರಗಿ ನಿಂತಿದ್ದರು. ವಯಸ್ಸು ಎಪ್ಪತ್ತಾರು, ಇಸ್ತ್ರಿ ಹಾಕಿದ ಬಿಳಿ ಅಂಗಿ. ಕೈಯಲ್ಲಿ ಸಣ್ಣದೊಂದು ಬಟ್ಟೆಯ ಚೀಲ ಬಿಟ್ಟರೆ ಏನೂ ಇಲ್ಲ. ನನಗೆ ಸಂಶಯ ಬಂತು.

"ನೋಡಿ ಆಚಾರ್ರೇ, ನನ್ನ ಮೇಲಿನ ಪ್ರೀತಿಗೆ ಅಲ್ಲಿ ಹೋಗಿ ಸುಳ್ಳು ಹೇಳುವುದು ಬೇಡ. ಈ ವಯಸ್ಸಿನಲ್ಲಿ ನಿಮಗೆ ಕೇಸು ಬಿದ್ದರೆ ನನಗೆ ಅನ್ನ ಇಳಿಯಲಿಕ್ಕಿಲ್ಲ."

"ಇವತ್ತು ಸುಳ್ಳು ಹೇಳುದಿಲ್ಲ" ಎಂದರು. ಅಷ್ಟೇ. ಕಚೇರಿಯ ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ನಾನೂ ನಿಂತೆ. ಇಬ್ಬರಿಗೂ ಅದೇ ಬೇಕಾಗಿತ್ತು.

ಚಿತ್ರಾ ಅವರ ಮೇಜಿನ ಮೇಲಿನ ಫೈಲುಗಳನ್ನು ಬದಿಗೆ ಸರಿಸಿ ಕಾರ್ಬೈನನ್ನು ಮಲಗಿಸಿದೆವು. ಆಚಾರ್ಯರು ಬೋಲ್ಟನ್ನು ಹೊರಗೆ ತೆಗೆದರು. ಒಂದು ಹಳೆಯ ಟವಲು ಹಾಸಿ, ಅದರ ಮೇಲಿಟ್ಟು ಬಿಚ್ಚತೊಡಗಿದರು. ಸ್ಪ್ರಿಂಗು ಹಾರಲಿಲ್ಲ. ಇಷ್ಟು ಸುಲಭವಾಗಿ ಬಿಚ್ಚಿಕೊಳ್ಳುತ್ತದಲ್ಲ ಎಂದು ನನಗೆ ಆಶ್ಚರ್ಯವಾಯಿತು. ಕೊನೆಗೆ ಒಳಗಿನಿಂದ ಒಂದು ಉಕ್ಕಿನ ಪಿನ್ನು ಹೊರಗೆ ಬಂತು. ಅದನ್ನು ಅವರು ಚಿತ್ರಾ ಅವರ ಮುಂದೆ ಇಟ್ಟರು.

"ಮೇಡಂ, ಬೆರಳಿನಿಂದ ಕೋವಿಯ ಕುದುರೆ ಎಳೆದಾಗ ಈ ಪಿನ್ನು ಮುಂದೆ ಹೋಗಿ ತೋಟೆಗೆ ಹೊಡೆಯಬೇಕು. ಇದರ ಮೂತಿ ನೋಡಿ. ಕೊಯ್ದು ತೆಗೆದಿದ್ದಾರೆ. ಇದು ತೋಟೆಗೆ ಮುಟ್ಲಿಕ್ಕೇ ಇಲ್ಲ. ಈ ಕೋವಿ ಹಾರುದಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಇದನ್ನು ಯಾವಾಗ ಕೊಯ್ದಿರಿ? ಹೋದ ವರ್ಷ ಎಣ್ಣೆ ಹಾಕುವಾಗಲಾ? ನನ್ನನ್ನು ಒಂದು ಮಾತು ಕೇಳದೆ!" ಎಂದು ಕೂಗಿದೆ. ಪಕ್ಕದ ಮೇಜಿನವರು ತಿರುಗಿ ನೋಡಿದರು.

ಆಚಾರ್ಯರು ಟವಲಿನ ಮೇಲಿನ ಸ್ಪ್ರಿಂಗನ್ನು ಬದಿಗೆ ಸರಿಸಿದರು. ಪಿನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದವರು ಚಿತ್ರಾ. "ಸರ್, ಇದು ಈಚಿನದ್ದಲ್ಲ. ಕೊಯ್ದ ಜಾಗವೂ ಪಿನ್ನಿನ ಹಾಗೇ ಕಪ್ಪಾಗಿದೆ. ನೋಡಿ" ಎಂದು ನನ್ನ ಕೈಗೆ ಕೊಟ್ಟರು.

ಹಳೆಯ ಕಬ್ಬಿಣ ನೋಡಲು ನನಗೆ ಯಾರೂ ಕಲಿಸಬೇಕಾಗಿಲ್ಲ. ಕೊಯ್ತ ಐವತ್ತು ಅರುವತ್ತು ವರ್ಷಕ್ಕೆ ಕಡಿಮೆಯದಲ್ಲ. ಅದು ನಾರಾವಿಯ ಅಟ್ಟಕ್ಕೆ ಹೋಗುವ ಮೊದಲೇ, ಬಹುಶಃ ಗೋವಾದಲ್ಲೇ, ಯಾರೋ ಕೊಯ್ದು ಕಳಿಸಿದ್ದರು. ಅಂದರೆ ಎಂಬತ್ತೊಂಬತ್ತರಲ್ಲಿ "ಪೂರ್ತಿ ಉಂಟಾ" ಎಂದು ನಾನು ಕೇಳಿದಾಗಲೂ ಅದು ಹೀಗೆಯೇ ಇತ್ತು.

"ಮೊದಲಿಂದಲೂ ಹೀಗೆಯಾ?" ಎಂದೆ. ಆಚಾರ್ಯರು ಹೌದೆಂದು ತಲೆ ಆಡಿಸಿದರು.

ಚಿತ್ರಾ ನಮ್ಮಿಬ್ಬರನ್ನೂ ನೋಡಿ, ಹೆಚ್ಚು ಕೇಳದೆ, ಒಂದು ಬಿಳಿ ಹಾಳೆ ಮುಂದಿಟ್ಟರು. "ತೂತು, ವೆಲ್ಡಿಂಗ್ ಯಾವುದೂ ಬೇಡ. ಆಚಾರ್ಯರು ಒಂದು ಸರ್ಟಿಫಿಕೇಟ್ ಬರೆಯಲಿ. ಅರ್ಜಿಯಲ್ಲಿ ಬರೆದದ್ದು ತಪ್ಪು, ಇದು ಉಪಯೋಗಕ್ಕೆ ಬರುವುದಿಲ್ಲ ಅಂತ ನೀವೂ ನಿಮ್ಮ ಕೈಯಲ್ಲೇ ಬರೆದು ಸಹಿ ಹಾಕಿ ಸರ್. ಕೋವಿ ಮನೆಗೆ ತಗೊಂಡು ಹೋಗಿ."

ಬರೆದೆ. ನಾಲ್ಕು ಸಾಲು ಬರೆಯಲು ನನಗೆ ಅಷ್ಟು ಹೊತ್ತು ಎಂದೂ ಹಿಡಿದಿರಲಿಲ್ಲ. ಕಾರ್ಬೈನು ಉಳಿಯಿತು. ಎರಡು ವಾರ ಯಾವುದಕ್ಕಾಗಿ ನಿದ್ದೆ ಬಿಟ್ಟಿದ್ದೆನೋ ಅದು ಆಯಿತು. ಸಂತೋಷ ಮಾತ್ರ ಬರಲಿಲ್ಲ. ನಾನು ಕಾದು ಕುಳಿತದ್ದು ಯಾವ ಪೂರ್ತಿಗಾಗಿಯೋ ಅದು ನನ್ನ ಮನೆಗೆ ಬಂದೇ ಇರಲಿಲ್ಲ.

ಕೆಳಗೆ ಇಳಿದ ಮೇಲೆ ನಾನು ನೇರ ಬಸ್‌ಸ್ಟ್ಯಾಂಡಿನ ಕಡೆ ಹೊರಟೆ. ಆಚಾರ್ಯರು ಹಿಂದಿನಿಂದ ಕರೆದರು.

"ಭಟ್ರೇ, ಒಮ್ಮೆ ಅಂಗಡಿಗೆ ಹೋಗುವ. ಒಂದು ಮಾತುಂಟು. ಮತ್ತೆ ನೀವು ಬರದಿದ್ರೂ ಅಡ್ಡಿಯಿಲ್ಲ."

ಹೋದೆ. ಬೈಯಲಿಕ್ಕಾದರೂ ಒಂದು ಜಾಗ ಬೇಕಲ್ಲ. ಅಂಗಡಿಯಲ್ಲಿ ಗೋಡೆಯ ಗೂಟಗಳೆಲ್ಲ ಖಾಲಿ. ಕಬ್ಬಿಣ ಕಚ್ಚಿಸುವ ಒಂದು ವೈಸು, ಒಂದು ಮೇಜು, ಎರಡು ಸ್ಟೂಲು. ಈ ಮಾರ್ಚಿಗೆ ರಿಪೇರಿ ಲೈಸೆನ್ಸ್ ಮುಗಿಯುತ್ತದೆ, ಪುನಃ ಮಾಡಿಸುವುದಿಲ್ಲ ಎಂದರು. ನಾನು ಸ್ಟೂಲಿನ ಮೇಲೆ ಕುಳಿತು, "ಯಾಕೆ ಹೇಳಲಿಲ್ಲ?" ಎಂದೆ.

"ನೀವು ಮರುದಿನವೇ ಬಂದು ನಿಂತಿರಿ. ಹಾಳಾದ ಎರಡು ಕೋವಿ ಇಟ್ಕೊಂಡು ಮೂರನೆಯದಕ್ಕೆ ಕಾಯುವ ಮನುಷ್ಯ. ಪೂರ್ತಿ ಉಂಟಾ ಅಂತ ಕೇಳುವಾಗ ನಿಮ್ಮ ಮುಖ ನೀವು ನೋಡಿಲ್ಲ, ನಾನು ನೋಡಿದ್ದೇನೆ. ಉಂಟು ಅಂತ ಬಾಯಿಗೆ ಬಂತು. ಒಂದು ವಾರದಲ್ಲಿ ಹೊಸ ಪಿನ್ನು ಮಾಡಿ ಹಾಕಿದ್ರೆ ನನ್ನ ಮಾತು ನಿಜ ಆಗ್ತದೆ ಅಂತ ಇದ್ದೆ."

"ಮತ್ತೆ ಹಾಕಲಿಲ್ಲ ಯಾಕೆ?"

ಅವರು ಮೇಜಿನ ಡ್ರಾಯರು ಎಳೆದು, ಎಣ್ಣೆಬಟ್ಟೆಯ ಸಣ್ಣ ಸುರುಳಿಯೊಂದನ್ನು ತೆಗೆದು ನನ್ನ ಕೈಗಿಟ್ಟರು. ಬಿಚ್ಚಿದೆ. ಒಳಗೆ ಒಂದು ಪಿನ್ನು. ಮೂತಿ ಇರುವ, ಪೂರ್ತಿ ಇರುವ ಪಿನ್ನು. ಯಂತ್ರದಲ್ಲಿ ಮಾಡಿದ್ದಲ್ಲ, ಅರದಲ್ಲಿ ಉಜ್ಜಿ ಉಜ್ಜಿ ಮಾಡಿದ್ದು. ಆದರೂ ಎಲ್ಲಿಯೂ ಅರದ ಗೀರಿಲ್ಲ. ಕಾರ್ಬೈನಿನ ಮೈಮೇಲಿರುವ ನಂಬರನ್ನೇ ಅದರ ಹಿಂಭಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಕೊರೆದಿದ್ದರು.

"ಮಾಡಿದೆ. ಹಾಕಿದ್ರೆ ಸತ್ತ ಕೋವಿಗೆ ಜೀವ ಕೊಟ್ಟ ಹಾಗೆ, ಗೊತ್ತಾದ್ರೆ ನನ್ನ ಲೈಸೆನ್ಸು ಹೋಗ್ತದೆ, ಜೈಲೂ ಉಂಟು. ಹಾಕದಿದ್ರೆ ನಿಮ್ಮ ಹತ್ರ ಹೇಳಿದ್ದು ಸುಳ್ಳು. ವರ್ಷವರ್ಷವೂ ನೀವು ತಂದಾಗ ಒಳಗೆ ಒಯ್ದು ಬಿಚ್ಚುದು, ಇದನ್ನು ಕೈಯಲ್ಲಿ ಹಿಡಿಯುದು, ಪುನಃ ಹಳೆಯದನ್ನೇ ಹಾಕಿ ಮುಚ್ಚುದು. ಮೂವತ್ತೈದು ಸಲ. ನನಗೂ ಸಾಕಾಗಿದೆ ಭಟ್ರೇ."

ನಾನು ಒಬ್ಬನೇ ಹೊತ್ತು ತಿರುಗಿದ್ದೇನೆ ಎಂದುಕೊಂಡಿದ್ದೆ.

ಆಚಾರ್ಯರು ಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದರು. "ನನ್ನ ಲೈಸೆನ್ಸು ಹೇಗೂ ಮಾರ್ಚಿಗೆ ಹೋಗ್ತದೆ. ಸರ್ಟಿಫಿಕೇಟೂ ಆಯ್ತು. ಇನ್ನು ಇದನ್ನು ಬಿಚ್ಚಿ ನೋಡ್ಲಿಕ್ಕೆ ಯಾರೂ ಬರುದಿಲ್ಲ. ಬೇಕಾದ್ರೆ ಹೇಳಿ, ಹತ್ತು ನಿಮಿಷದ ಕೆಲಸ. ಪೂರ್ತಿ ಮಾಡಿ ಕೊಡ್ತೇನೆ."

ಬೇಡವೆಂದು ತಕ್ಷಣ ಹೇಳಿದೆ ಎಂದು ಬರೆದರೆ ಅದು ಸುಳ್ಳಾಗುತ್ತದೆ. ನಾನು ಆ ಪಿನ್ನನ್ನು ತುಂಬಾ ಹೊತ್ತು ಹಿಡಿದು ಕುಳಿತೆ. ನನ್ನ ಆಯುಷ್ಯದಲ್ಲಿ ಬೇಕಾಗಿದ್ದದ್ದು ಇದೊಂದೇ. ಎರಡು ಬೆರಳಿನ ನಡುವೆ ಇತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಗಂಟೆ ಮೊದಲು ನನ್ನ ಕೈಯಲ್ಲೇ ಬರೆದ ನಾಲ್ಕು ಸಾಲು ಮಾತ್ರ ಸುಳ್ಳಾಗುತ್ತಿತ್ತು. ಮತ್ತೆ ಆಚಾರ್ಯರ ಹಾಗೆ ವರ್ಷಕ್ಕೊಮ್ಮೆ ಹೆದರುವ ಸರದಿ ನನ್ನದು. ಅಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಹಾಗೆಂದು ಅದನ್ನು ಪುನಃ ಆ ಡ್ರಾಯರಿನ ಕತ್ತಲಿಗೆ ಹಾಕಲೂ ಮನಸ್ಸು ಬರಲಿಲ್ಲ.

"ಹ್ಯಾಕ್ಸಾ ಬ್ಲೇಡು ಉಂಟಾ?" ಎಂದೆ.

"ಎಂತಕ್ಕೆ?"

"ಇದರ ಮೂತಿ ತೆಗೆಯುವ. ತೆಗೆದು ಇದನ್ನೇ ಒಳಗೆ ಹಾಕುವ. ಆ ಹಳೆಯದು ಯಾವನು ಕೊಯ್ದದ್ದೋ ಏನೋ. ಇದು ನೀವು ಮಾಡಿದ್ದು."

ಆಚಾರ್ಯರ ಮುಖ ಸಣ್ಣದಾಯಿತು. "ನನ್ನ ಕೈಯಿಂದ ಆಗ್ಲಿಕ್ಕಿಲ್ಲ" ಎಂದರು.

"ನಿಮಗೆ ಯಾರು ಹೇಳಿದ್ದು? ನಾನು ಕೊಯ್ತೇನೆ. ನೀವು ವೈಸಿಗೆ ಕಚ್ಚಿಸಿ ಕೊಡಿ."

ಅವರು ತಗಡಿನ ಚೂರಿನಲ್ಲಿ ಪಿನ್ನನ್ನು ಸುತ್ತಿ, ಮೈಗೆ ಗೀರು ಬೀಳದ ಹಾಗೆ ವೈಸಿಗೆ ಕಚ್ಚಿಸಿದರು. ಬ್ಲೇಡು ಕೊಟ್ಟು ಬಾಗಿಲಿನ ಹತ್ತಿರ ಹೋಗಿ, ನನಗೆ ಬೆನ್ನು ಹಾಕಿ ನಿಂತರು. ನಾನು ಎದ್ದು ಕನ್ನಡಕ ಸರಿಮಾಡಿಕೊಂಡು ಶುರು ಮಾಡಿದೆ. ಮೊದಲನೆಯ ಬ್ಲೇಡು ಜಾರಿತು, ಎರಡನೆಯದು ಹಲ್ಲು ಕಳೆದುಕೊಂಡಿತು. ಭುಜ ಸೋತು ನಡುವೆ ನಾಲ್ಕು ಸಲ ಕುಳಿತೆ. ಅಷ್ಟು ಸಣ್ಣ ಮೂತಿ ಕಳಚಿ ಬೀಳಲು ಮುಕ್ಕಾಲು ಗಂಟೆ ಹಿಡಿಯಿತು.

"ಒಳ್ಳೆಯ ಉಕ್ಕು ಆಚಾರ್ರೇ" ಎಂದೆ.

"ಹೌದು" ಎಂದರು ಅವರು, ತಿರುಗದೆ. "ಹುಡುಕಿ ತಂದದ್ದು."